ಕ್ರೀಡಾ ಕ್ಲಬ್ಬಿನಲ್ಲಿ ಸಣ್ಣ ಮಾತಿಗೂ ಒಂದು ಜಾಗ: ಮಕ್ಕಳ ಮತ್ತು ಅವಲಂಬಿತರ ರಕ್ಷಣೆಗೆ ಕೈಪಿಡಿ

ನಾನು ಬಹಳ ಕಾಲ ಈಜು ಕಲಿಸಿದವಳು. ಈಗ ನಮ್ಮ ಕ್ಲಬ್ಬಿನಲ್ಲಿ ಮಕ್ಕಳ ರಕ್ಷಣೆಯ ಹೊಣೆ ನನ್ನದು. ಬೇರೆ ಕ್ಲಬ್ಬಿನವರು ಸಲಹೆ ಕೇಳಲು ಬಂದಾಗ ಸಾಮಾನ್ಯವಾಗಿ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ: ಕೆಟ್ಟ ಕೋಚ್‌ನನ್ನು ಗುರುತಿಸುವುದು ಹೇಗೆ? ನೋಡಿ ಗುರುತಿಸಲು ಆಗುವುದಿಲ್ಲ ಎಂದೇ ನನ್ನ ಉತ್ತರ. ಮಗುವಿಗೆ ಕೇಡು ಮಾಡುವ ಉದ್ದೇಶವಿರುವವನು ಮೊದಲು ದೊಡ್ಡವರ ವಿಶ್ವಾಸ ಗಳಿಸುತ್ತಾನೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆರೆಯುತ್ತಾನೆ, ಶುಲ್ಕ ಕಟ್ಟಲು ಕಷ್ಟಪಡುವ ಮನೆಯ ಮಗುವಿಗೆ ಶೂ ಕೊಡಿಸುತ್ತಾನೆ, ಪೋಷಕರು ತಡವಾದರೆ ತಾನೇ ಮನೆಗೆ ಬಿಡುತ್ತೇನೆ ಎನ್ನುತ್ತಾನೆ. ನಿಜವಾಗಿಯೂ ಒಳ್ಳೆಯವರಾದ ಕೋಚ್‌ಗಳೂ ಇದನ್ನೇ ಮಾಡುತ್ತಾರೆ. ಆದ್ದರಿಂದ ಮನುಷ್ಯರ ಗುಣ ಅಳೆಯುವ ಕೆಲಸಕ್ಕೆ ಕೈ ಹಾಕಬೇಡಿ. ಯಾರೇ ಆಗಲಿ, ಮಗುವಿನೊಂದಿಗೆ ಮರೆಯಲ್ಲಿ ಇರಲು ಅವಕಾಶವಾಗದಂತೆ ಏರ್ಪಾಡು ಮಾಡಿ. ಯಾರ ಬಗ್ಗೆಯೇ ಆಗಲಿ, ಮನಸ್ಸಿಗೆ ಕಿರಿಕಿರಿಯಾದ ಸಣ್ಣ ಸಂಗತಿಯನ್ನು ಹೇಳಿಕೊಳ್ಳಲು ಒಂದು ಜಾಗ ಮಾಡಿ. ಎರಡನೆಯದು ಹೆಚ್ಚು ಕಷ್ಟದ ಕೆಲಸ, ಹೆಚ್ಚು ಮುಖ್ಯವೂ ಹೌದು.

ಏಕೆಂದರೆ ದೊಡ್ಡ ಪ್ರಕರಣಗಳಲ್ಲಿ ಕೊರತೆಯಾದದ್ದು ಮಾಹಿತಿಯಲ್ಲ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್‌ಗೆ 2018ರ ಜನವರಿಯಲ್ಲಿ ಮಿಷಿಗನ್‌ನ ನ್ಯಾಯಾಲಯ 40ರಿಂದ 175 ವರ್ಷಗಳ ಸೆರೆವಾಸ ವಿಧಿಸಿತು. ಆಗ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ತಮ್ಮ ಮೇಲಾದ ದೌರ್ಜನ್ಯವನ್ನು ನ್ಯಾಯಾಲಯದ ಮುಂದಿಟ್ಟರು. 1997ರಲ್ಲೇ ದೊಡ್ಡವರ ಬಳಿ ಹೇಳಿಕೊಂಡಿದ್ದಾಗಿ ಸಂತ್ರಸ್ತರು ತಿಳಿಸಿದ್ದಾರೆ. ಆ ಶಿಕ್ಷೆಗೂ ಮೊದಲು, 2016ರಲ್ಲಿ ಇಂಡಿಯಾನಾಪೊಲಿಸ್‌ನ ದಿನಪತ್ರಿಕೆಯೊಂದು ಆ ದೇಶದ ಜಿಮ್ನಾಸ್ಟಿಕ್ಸ್ ಒಕ್ಕೂಟದ ಬಗ್ಗೆ ತನಿಖಾ ವರದಿ ಪ್ರಕಟಿಸಿತ್ತು. ಐವತ್ತಕ್ಕೂ ಹೆಚ್ಚು ಕೋಚ್‌ಗಳ ವಿರುದ್ಧದ ದೂರುಗಳು ಒಕ್ಕೂಟದ ಕಡತಗಳಲ್ಲಿದ್ದವು. ಆದರೆ ಸಂತ್ರಸ್ತರೇ ಅಥವಾ ಅವರ ತಂದೆ ತಾಯಿಯೇ ಖುದ್ದಾಗಿ ಕೊಟ್ಟ ದೂರಲ್ಲದಿದ್ದರೆ ಅದನ್ನು ಬರಿಯ ಕೇಳಿದ ಮಾತು ಎಂದು ಬದಿಗಿಡುವ ಪದ್ಧತಿ ಅಲ್ಲಿತ್ತು. ನಿಮ್ಮ ಕ್ಲಬ್ಬಿನ ಮೊದಲ ನಿಯಮವನ್ನು ಇಲ್ಲಿಂದಲೇ ಬರೆದುಕೊಳ್ಳಿ: ಯಾರು ಹೇಳಿದರೂ, ಯಾರಿಂದ ಕೇಳಿ ಹೇಳಿದರೂ, ಹೆಸರು ಹೇಳದೆ ಚೀಟಿ ಬರೆದು ಹಾಕಿದರೂ ಅದು ದಾಖಲಾಗಬೇಕು.

ಹೊಣೆ ಯಾರದು

ರಕ್ಷಣೆಯ ಅಧಿಕಾರಿಗಳಾಗಿ ಇಬ್ಬರನ್ನು ನೇಮಿಸಿ. ಒಬ್ಬರು ಊರಲ್ಲಿಲ್ಲದಾಗ ಅಥವಾ ದೂರು ಅವರ ಮೇಲೆಯೇ ಬಂದಾಗ ಇನ್ನೊಬ್ಬರು ಬೇಕು. ಮುಖ್ಯ ಕೋಚ್ ಈ ಜಾಗದಲ್ಲಿ ಇರಬಾರದು. ಅಧ್ಯಕ್ಷರ ಅಥವಾ ಕೋಚ್‌ಗಳ ಮನೆಯವರೂ ಇರಬಾರದು. ತಂಡಕ್ಕೆ ಯಾರು ಆಯ್ಕೆಯಾಗಬೇಕು ಎಂದು ನಿರ್ಧರಿಸುವವರ ಬಳಿ ಯಾವ ಮಗುವೂ ದೂರು ಹೇಳಲಾರದು. ಇಬ್ಬರ ಭಾವಚಿತ್ರ, ಹೆಸರು, ಫೋನ್ ಸಂಖ್ಯೆಗಳನ್ನು ಸೂಚನಾ ಫಲಕದಲ್ಲಿ ಹಾಕಿ. ಆ ಫಲಕ ಎಂಟು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ಇರಲಿ, ಶೌಚಾಲಯದ ಹಾದಿಯಲ್ಲಿರಲಿ. ಕಚೇರಿಯೊಳಗೆ ಕೋಚ್‌ನ ಮೇಜಿನ ಹಿಂದೆ ತೂಗುಹಾಕಿದ ಫಲಕ ಯಾವ ಮಗುವಿಗೂ ಉಪಯೋಗವಿಲ್ಲ.

ಹೊಸಬರನ್ನು ತೆಗೆದುಕೊಳ್ಳುವಾಗ ಪೊಲೀಸ್ ಪರಿಶೀಲನೆ ಮಾಡಿಸಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಪ್ರಮಾಣಪತ್ರ ಸ್ವಚ್ಛವಾಗಿದೆ ಎಂದರೆ ದಾಖಲಾದ ಅಪರಾಧವಿಲ್ಲ ಎಂದಷ್ಟೇ ಅರ್ಥ. ಹಿಂದೆ ಕೆಲಸ ಮಾಡಿದ ಎರಡು ಕಡೆಗೆ ನೀವೇ ಫೋನ್ ಮಾಡಿ. ಅಭ್ಯರ್ಥಿ ಕೊಟ್ಟ ಸಂಖ್ಯೆಗೆ ಮಾಡದೆ, ಆ ಸಂಸ್ಥೆಯ ಸಂಖ್ಯೆಯನ್ನು ಹುಡುಕಿ ಮಾಡಿ. ‘ಅವರು ಹೇಗಿದ್ದರು’ ಎಂದು ಕೇಳಿದರೆ ಹೊಗಳಿಕೆಯೇ ಬರುತ್ತದೆ. ‘ಅವರನ್ನು ಮಕ್ಕಳ ಜೊತೆ ಕೆಲಸಕ್ಕೆ ಮತ್ತೆ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿ, ಉತ್ತರ ಬರುವ ಮುಂಚಿನ ಮೌನವನ್ನೂ ಗಮನಿಸಿ. ವ್ಯಾನ್ ಚಾಲಕರು, ಫಿಸಿಯೋಥೆರಪಿಸ್ಟ್, ಫೋಟೊ ತೆಗೆಯುವವರು, ವಾರಕ್ಕೊಮ್ಮೆ ನೆರವಾಗಲು ಬರುವ ಹಳೆಯ ಆಟಗಾರರು, ಇವರೆಲ್ಲರಿಗೂ ಇದೇ ಕ್ರಮ ಅನ್ವಯಿಸಬೇಕು. ಸಂಬಳ ತೆಗೆದುಕೊಳ್ಳದವರನ್ನು ಪ್ರಶ್ನಿಸುವುದು ಹೇಗೆ ಎಂಬ ಸಂಕೋಚ ಎಷ್ಟೋ ಕ್ಲಬ್ಬುಗಳಲ್ಲಿದೆ. ಅದನ್ನು ಬಿಡಬೇಕು.

ಎಲ್ಲವೂ ಕಣ್ಣಿಗೆ ಕಾಣುವಂತಿರಲಿ

ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಬಾಗಿಲು: ಈ ಮೂರು ಒಟ್ಟಿಗೆ ಸೇರಬಾರದು. ಒಬ್ಬರಿಗೇ ತರಬೇತಿ ಕೊಡುವ ಅಗತ್ಯವಿದ್ದರೆ ಇನ್ನೊಬ್ಬ ದೊಡ್ಡವರಿಗೆ ಕಾಣುವ ಜಾಗದಲ್ಲಿ ಕೊಡಲಿ. ಕಚೇರಿಯ ಮತ್ತು ಚಿಕಿತ್ಸಾ ಕೋಣೆಯ ಬಾಗಿಲಿಗೆ ಗಾಜು ಹಾಕಿಸಿ, ಇಲ್ಲದಿದ್ದರೆ ಬಾಗಿಲು ತೆರೆದೇ ಇರಲಿ. ಬಟ್ಟೆ ಬದಲಿಸುವ ಕೋಣೆಗೆ ದೊಡ್ಡವರು ಹೋಗಲೇಬೇಕಾದರೆ ಬಾಗಿಲಲ್ಲಿ ನಿಂತು ಕೂಗಿ ಹೇಳಿ, ಇಬ್ಬರಾಗಿ ಹೋಗಲಿ. ಮಕ್ಕಳು ಬಟ್ಟೆ ಬದಲಿಸುವ ಹೊತ್ತಿಗೆ ಕೋಚ್‌ಗಳು ಅದೇ ಕೋಣೆಯಲ್ಲಿ ಸ್ನಾನ ಮಾಡುವುದು, ಬಟ್ಟೆ ಬದಲಿಸುವುದು ಬೇಡ. ಆ ಕೋಣೆಯೊಳಗೆ ಯಾರ ಮೊಬೈಲೂ ಚೀಲದಿಂದ ಹೊರಗೆ ಬರಬಾರದು, ಮಕ್ಕಳದೂ ಸೇರಿದಂತೆ. ಒಬ್ಬ ಹುಡುಗ ಇನ್ನೊಬ್ಬನ ಚಿತ್ರ ತೆಗೆದು ಹಂಚುವುದೂ ದೌರ್ಜನ್ಯವೇ. ಹೊಸ ಆಟಗಾರನನ್ನು ‘ಸ್ವಾಗತಿಸುವ’ ಹೆಸರಿನಲ್ಲಿ ಹಿರಿಯ ಆಟಗಾರರು ಅವಮಾನ ಮಾಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸ್ಪರ್ಶದ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. ಈಜು, ಜಿಮ್ನಾಸ್ಟಿಕ್ಸ್, ಕುಸ್ತಿಗಳಲ್ಲಿ ಮುಟ್ಟದೆ ಕಲಿಸುವುದು ಅಸಾಧ್ಯ. ನೀರಿನ ಮೇಲೆ ಮಲಗಲು ಕಲಿಯುವ ಮಗುವಿನ ಬೆನ್ನಿಗೆ ಕೈ ಕೊಡಲೇಬೇಕು, ಪಲ್ಟಿ ಹೊಡೆಯುವವನನ್ನು ಹಿಡಿಯಲೇಬೇಕು. ಹಾಗಿರುವಾಗ ಮುಟ್ಟುವುದನ್ನೇ ನಿಷೇಧಿಸಿದರೆ ಮಗು ಬಿದ್ದು ಕತ್ತು ಮುರಿದುಕೊಂಡೀತು. ನಾನು ಕೋಚ್‌ಗಳಿಗೆ ಹೇಳುವ ಕ್ರಮ ಇಷ್ಟು: ಎಲ್ಲಿ ಮುಟ್ಟುತ್ತೇನೆ, ಏಕೆ ಮುಟ್ಟುತ್ತೇನೆ ಎಂದು ಮೊದಲು ಬಾಯಲ್ಲಿ ಹೇಳಬೇಕು. ಸರಿಯೇ ಎಂದು ಕೇಳಬೇಕು. ಮಗು ಬೇಡವೆಂದರೆ ಬೇರೆ ದಾರಿ ತೋರಿಸಬೇಕು, ಮುಖ ಗಂಟಿಕ್ಕಬಾರದು. ಕೈ ಎಲ್ಲಿದೆ ಎಂಬುದು ಪಕ್ಕದಲ್ಲಿ ನಿಂತವರಿಗೆ ಕಾಣಬೇಕು. ಈ ಕೊನೆಯ ಅಂಶವನ್ನು ಒತ್ತಿ ಹೇಳುತ್ತೇನೆ. ನಾಸರ್ ಪ್ರಕರಣದಲ್ಲಿ ಹಲವು ಬಾರಿ ತಂದೆ ಅಥವಾ ತಾಯಿ ಅದೇ ಕೋಣೆಯಲ್ಲಿದ್ದರು. ಅವರಿಗೆ ಕಾಣದಂತೆ ಅವನು ಅಡ್ಡ ನಿಲ್ಲುತ್ತಿದ್ದ. ಪೋಷಕರು ಕೋಣೆಯಲ್ಲಿದ್ದರೆ ಸಾಲದು. ಚಿಕಿತ್ಸೆ ಏನು, ಹೇಗೆ ಮಾಡುತ್ತಾರೆ ಎಂಬುದು ಮಗುವಿಗೂ ಪೋಷಕರಿಗೂ ಮೊದಲೇ ತಿಳಿದಿರಬೇಕು, ಮಾಡುವಾಗ ಕಾಣುತ್ತಿರಬೇಕು.

ಫೋನ್ ಸಂದೇಶಗಳ ನಿಯಮ ಸರಳ: ಕೋಚ್ ಮಗುವಿಗೆ ಖಾಸಗಿಯಾಗಿ ಸಂದೇಶ ಕಳಿಸಬಾರದು. ಅಭ್ಯಾಸದ ವೇಳೆ ಬದಲಾದರೆ ಪೋಷಕರಿರುವ ಗುಂಪಿಗೆ ಕಳಿಸಲಿ. ತಾನಾಗಿ ಅಳಿಸಿಹೋಗುವ ಸಂದೇಶಗಳು ಕ್ಲಬ್ಬಿನ ಯಾವ ಕೆಲಸಕ್ಕೂ ಬೇಡ. ‘ರಾತ್ರಿ ಹನ್ನೊಂದಕ್ಕೆ ಹುರಿದುಂಬಿಸುವ ಮಾತು ಬರೆದೆ, ಅದರಲ್ಲಿ ತಪ್ಪೇನು?’ ಎಂದು ಕೋಚ್ ಕೇಳಿದರೆ, ಅದೇ ಮಾತನ್ನು ಮರುದಿನ ಮೈದಾನದಲ್ಲಿ ಎಲ್ಲರೆದುರು ಹೇಳಬಹುದಲ್ಲ ಎನ್ನಿ.

ಹೊರಗಿನ ಪಂದ್ಯಗಳಿಗೆ ಹೋಗುವಾಗ ದೊಡ್ಡವರು ಮಕ್ಕಳೊಂದಿಗೆ ಕೋಣೆ ಹಂಚಿಕೊಳ್ಳಬಾರದು, ಮಕ್ಕಳನ್ನು ತಮ್ಮ ಕೋಣೆಗೆ ಕರೆಯಬಾರದು. ತಂಡದ ಸಭೆ ಹೋಟೆಲಿನ ಲಾಬಿಯಲ್ಲೋ ಊಟದ ಜಾಗದಲ್ಲೋ ನಡೆಯಲಿ. ವಾಹನದಲ್ಲಿ ಇಬ್ಬರು ದೊಡ್ಡವರಿರಲಿ. ಒಬ್ಬೊಬ್ಬರನ್ನೇ ಮನೆಗೆ ಬಿಡುವಾಗ ಕೊನೆಯಲ್ಲಿ ಉಳಿಯುವ ಮಗು ಪ್ರತಿ ಸಲವೂ ಒಂದೇ ಆಗಿದ್ದರೆ ಏಕೆಂದು ಕೇಳಿ. ಪೋಷಕರು ಕರೆದೊಯ್ಯಲು ಬಾರದಿದ್ದರೆ ಇಬ್ಬರು ಕಾಯಬೇಕು, ಒಬ್ಬರಲ್ಲ. ಇದರಿಂದ ಕೋಚ್‌ಗಳಿಗೂ ಸುಳ್ಳು ಆರೋಪಗಳಿಂದ ರಕ್ಷಣೆ ಸಿಗುತ್ತದೆ, ನಿಜ. ಆದರೆ ನಿಯಮ ಇರುವುದು ಮೊದಲು ಮಗುವಿಗಾಗಿ ಎಂಬುದನ್ನು ಮರೆಯದೆ ಹೇಳಿ.

ಕಿರುಚಾಟವೂ ಹಿಂಸೆಯೇ

ರಕ್ಷಣೆ ಎಂದ ಕೂಡಲೇ ಲೈಂಗಿಕ ದೌರ್ಜನ್ಯವೊಂದೇ ನೆನಪಾಗುವುದು ನನಗೆ ಕಳವಳ ತರುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಲ್ಲಿ ಪ್ರಕಟಿಸಿದ ತಜ್ಞರ ಹೇಳಿಕೆ, ಇತರ ಎಲ್ಲ ಬಗೆಯ ದೌರ್ಜನ್ಯಗಳ ಬುಡದಲ್ಲಿ ಮಾನಸಿಕ ಹಿಂಸೆ ಇರುತ್ತದೆ ಎನ್ನುತ್ತದೆ. ಎಲ್ಲರೆದುರು ತೂಕ ನೋಡಿ ಹುಡುಗಿಯ ಮೈಯ ಬಗ್ಗೆ ಮಾತಾಡುವುದು, ಸೋತದ್ದಕ್ಕೆ ನೀರು ಕೊಡದೆ ಓಡಿಸುವುದು, ನೋವಿದೆ ಎಂದವನನ್ನು ಹೇಡಿ ಎನ್ನುವುದು, ಒಂದು ಮಗುವಿನೊಂದಿಗೆ ವಾರಗಟ್ಟಲೆ ಮಾತು ಬಿಡುವುದು, ಇವೆಲ್ಲ ಹಿಂಸೆ. ಮೈದಾನದ ಅಂಚಿನಲ್ಲಿ ನಿಂತು ಸ್ವಂತ ಮಗನನ್ನು ಬೈಯುವ ತಂದೆಯೂ ಈ ಲೆಕ್ಕಕ್ಕೆ ಬರುತ್ತಾರೆ. ಅವರನ್ನು ಬದಿಗೆ ಕರೆದು ಮಾತಾಡುವುದು ನಿಮ್ಮ ಕೆಲಸ. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗುವನ್ನು ಅದೇ ದಿನ ಮತ್ತೆ ಆಟಕ್ಕೆ ಇಳಿಸಬಾರದು, ಫೈನಲ್ ಪಂದ್ಯವೇ ಆದರೂ ಸರಿ. ವೈದ್ಯರು ನೋಡಿದ ಮೇಲೆ ಮುಂದಿನ ಮಾತು.

ತನ್ನ ದೇಹ ಹೇಳುವುದನ್ನು ನಂಬಬೇಡ, ಕೋಚ್ ಹೇಳುವುದನ್ನು ಮಾತ್ರ ನಂಬು ಎಂದು ಕಲಿತ ಮಗು, ನಾಳೆ ಯಾರಾದರೂ ಕೆಟ್ಟದಾಗಿ ಮುಟ್ಟಿದಾಗಲೂ ತನ್ನ ಅನಿಸಿಕೆಯನ್ನೇ ಅನುಮಾನಿಸುತ್ತದೆ. ಶಿಸ್ತಿನ ಹೆಸರಿನಲ್ಲಿ ನಡೆಯುವ ಅವಮಾನವನ್ನು ನಾನು ಯಾವತ್ತೂ ಸಣ್ಣದೆಂದು ಬಿಡದಿರುವುದು ಇದಕ್ಕೇ.

ನೆರವು ಬೇಕಾದ ವಯಸ್ಕರು

ಬೌದ್ಧಿಕ ಅಂಗವೈಕಲ್ಯವಿರುವ ಈಜುಗಾರರು, ದೃಷ್ಟಿ ಇಲ್ಲದ ಓಟಗಾರರು, ಗಾಲಿಕುರ್ಚಿ ಬಳಸುವ ಆಟಗಾರರು, ಮರೆವು ಆವರಿಸುತ್ತಿರುವ ಹಿರಿಯ ಸದಸ್ಯರು ನಿಮ್ಮ ಕ್ಲಬ್ಬಿನಲ್ಲಿರಬಹುದು. ಇವರನ್ನು ಮಕ್ಕಳಂತೆ ನೋಡುವುದು ದೊಡ್ಡ ತಪ್ಪು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಶೋಷಣೆ ಮತ್ತು ಹಿಂಸೆಯಿಂದ ಮುಕ್ತರಾಗಿರುವ ಹಕ್ಕನ್ನು ಹೇಳುತ್ತದೆ. ಅದೇ ಒಡಂಬಡಿಕೆ ಅವರ ಸ್ವಂತ ನಿರ್ಧಾರದ ಹಕ್ಕನ್ನೂ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಕೆಲಸ ಮಾಡಬೇಕು.

ಜೊತೆಗೆ ಬಂದ ಆರೈಕೆದಾರರನ್ನು ಕೇಳದೆ ಆಟಗಾರರನ್ನೇ ನೇರವಾಗಿ ಕೇಳಿ. ಗಾಲಿಕುರ್ಚಿಯನ್ನು ಕೇಳದೆ ತಳ್ಳಬೇಡಿ, ಅದು ಅವರ ಮೈಯ ಭಾಗವೇ ಎಂದು ತಿಳಿಯಿರಿ. ಬಟ್ಟೆ ಬದಲಿಸಲು ನೆರವು ಬೇಕಾದವರು ಯಾರಿಂದ, ಎಷ್ಟು ನೆರವು ಬೇಕೆಂದು ತಾವೇ ಹೇಳಲಿ, ಅದನ್ನು ಬರೆದಿಟ್ಟುಕೊಳ್ಳಿ. ಮಾತಾಡಲಾರದವರಿಗೆ ‘ಬೇಡ’, ‘ನಿಲ್ಲಿಸಿ’, ‘ನೋವಾಗುತ್ತಿದೆ’ ಎಂಬುದಕ್ಕೆ ಚಿತ್ರ ಅಥವಾ ಸನ್ನೆ ಇರಲೇಬೇಕು. ಹೇಳಲು ಮಾತೇ ಇಲ್ಲದವರ ಮೇಲೆ ಕೈ ಮಾಡುವುದು ಸುಲಭ ಎಂಬುದನ್ನು ಕೆಡುಕರು ಚೆನ್ನಾಗಿ ಬಲ್ಲರು. ಅಪಾಯ ಕ್ಲಬ್ಬಿನೊಳಗೇ ಇರಬೇಕೆಂದಿಲ್ಲ. ಆರೈಕೆದಾರರು ಬಹುಮಾನದ ಹಣ ಕಸಿದುಕೊಳ್ಳುವುದು, ಔಷಧಿ ತಪ್ಪಿಸುವುದು, ಪದೇ ಪದೇ ಅದೇ ಕೊಳಕು ಬಟ್ಟೆಯಲ್ಲಿ ಕಳಿಸುವುದು ಮೊದಲು ಕಾಣುವುದು ಆಟದ ಜಾಗದಲ್ಲೇ. ವಯಸ್ಕರ ವಿಷಯದಲ್ಲಿ ಮುಂದುವರಿಯುವ ಮುನ್ನ ಅವರ ಇಚ್ಛೆ ಕೇಳಿ. ಅವರಿಗೆ ಪರಿಸ್ಥಿತಿ ಅರ್ಥವಾಗದಿದ್ದರೆ, ಪ್ರಾಣಾಪಾಯವಿದ್ದರೆ ಅಥವಾ ಇನ್ನೊಬ್ಬರಿಗೂ ಅಪಾಯವಿದ್ದರೆ ಮಾತ್ರ ಅವರ ಒಪ್ಪಿಗೆ ಇಲ್ಲದೆಯೂ ತಿಳಿಸಬೇಕಾಗುತ್ತದೆ. ಆಗಲೂ ತಿಳಿಸುತ್ತಿದ್ದೇನೆ ಎಂದು ಅವರಿಗೆ ಹೇಳಿಯೇ ತಿಳಿಸಿ.

ಮಗು ಹೇಳಿದಾಗ

ಮಗು ಹೆಚ್ಚಾಗಿ ನಿಗದಿಯಾದ ಅಧಿಕಾರಿಯ ಬಳಿ ಬರುವುದಿಲ್ಲ. ಚೆಂಡು ಎತ್ತಿಡುವಾಗ, ಬಸ್ಸಿಗೆ ಕಾಯುವಾಗ, ತನಗೆ ಹತ್ತಿರವೆನಿಸಿದ ಯಾರದೋ ಮುಂದೆ ಅರ್ಧ ಮಾತು ಬಿಡುತ್ತದೆ. ‘ಅವರ ಕಾರಿನಲ್ಲಿ ನನಗೆ ಹೋಗುವುದು ಬೇಡ.’ ಅಷ್ಟೇ. ಆದ್ದರಿಂದ ಕ್ಲಬ್ಬಿನ ಪ್ರತಿಯೊಬ್ಬರಿಗೂ, ಕಸ ಗುಡಿಸುವವರಿಗೂ ಲೆಕ್ಕ ಬರೆಯುವವರಿಗೂ, ಮುಂದೆ ಹೇಳುವುದನ್ನು ಕಲಿಸಿ.

ಮಾಡುತ್ತಿರುವ ಕೆಲಸ ನಿಲ್ಲಿಸಿ, ಮಗುವಿನ ಎತ್ತರಕ್ಕೆ ಬಂದು ಕೇಳಿ. ಗಾಬರಿ, ಸಿಟ್ಟು ಮುಖದಲ್ಲಿ ಕಾಣಬಾರದು. ಕಂಡರೆ ಮಗು ನಿಮ್ಮನ್ನು ಸಮಾಧಾನಪಡಿಸಲು ಮಾತು ನುಂಗಿಕೊಳ್ಳುತ್ತದೆ. ‘ಏನಾಯಿತು ಹೇಳು’, ‘ಆಮೇಲೆ?’ ಇಷ್ಟು ಸಾಕು. ‘ಅವರು ನಿನ್ನನ್ನು ಅಲ್ಲಿ ಮುಟ್ಟಿದರಾ?’ ಎಂದು ಕೇಳಬೇಡಿ. ನೀವು ಮಗುವಿನ ಬಾಯಿಗೆ ಇಟ್ಟ ಮಾತು ಮುಂದೆ ನ್ಯಾಯಾಲಯದಲ್ಲಿ ಮಗುವಿಗೇ ಮುಳುವಾಗಬಹುದು. ‘ಏಕೆ ಮೊದಲೇ ಹೇಳಲಿಲ್ಲ’ ಎಂಬ ಪ್ರಶ್ನೆಯಲ್ಲಿ ಆರೋಪವಿದೆ, ಅದೂ ಬೇಡ. ಎಲ್ಲಕ್ಕಿಂತ ಕಷ್ಟದ್ದು: ‘ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಿ’ ಎಂದು ಮಗು ಕೇಳಿದಾಗ ಕೊಡದಿರುವುದು. ನಾನು ಹೀಗೆ ಹೇಳುತ್ತೇನೆ: ‘ನೀನು ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ನಿನ್ನನ್ನು ಸುರಕ್ಷಿತವಾಗಿಡಲು ನಾನು ಇದನ್ನು ಒಬ್ಬಿಬ್ಬರಿಗೆ ತಿಳಿಸಲೇಬೇಕು. ಯಾರಿಗೆ ಎಂದು ನಿನಗೆ ಮೊದಲು ಹೇಳುತ್ತೇನೆ.’

ಮಗು ಹೋದ ಕೂಡಲೇ ಬರೆಯಿರಿ. ಮಗುವಿನ ಮಾತನ್ನು ಅದು ಬಳಸಿದ ಪದಗಳಲ್ಲೇ ಬರೆಯಿರಿ, ತಿದ್ದಬೇಡಿ. ನೀವು ಕೇಳಿದ ಪ್ರಶ್ನೆ, ದಿನಾಂಕ, ವೇಳೆ, ಜಾಗ, ಸಹಿ. ನಿಮ್ಮ ಅಭಿಪ್ರಾಯ ಬರೆಯಬೇಕೆನಿಸಿದರೆ ಅದು ನಿಮ್ಮ ಅಭಿಪ್ರಾಯವೆಂದು ಗೊತ್ತಾಗುವಂತೆ ಬೇರೆಯಾಗಿ ಬರೆಯಿರಿ. ಆರೋಪಕ್ಕೆ ಒಳಗಾದವರನ್ನು ನೀವೇ ಕರೆದು ವಿಚಾರಿಸಬೇಡಿ. ಸಾಕ್ಷ್ಯ ಅಳಿಸಲು, ಮಗುವನ್ನು ಹೆದರಿಸಲು ಅದೊಂದೇ ಸಾಕು. ಸಂಜೆಯೊಳಗೆ ಅಧಿಕಾರಿಗೆ ತಲುಪಿಸಿ. ಮಗು ಆ ರಾತ್ರಿಯೇ ಅಪಾಯದಲ್ಲಿದೆ ಎನಿಸಿದರೆ ನೇರವಾಗಿ ಪೊಲೀಸರಿಗೆ ಫೋನ್ ಮಾಡಿ.

‘ಮೊದಲು ನಮ್ಮ ಸಮಿತಿಯೊಳಗೇ ವಿಚಾರಣೆ ನಡೆಸೋಣ, ಕ್ಲಬ್ಬಿನ ಹೆಸರು ಹಾಳಾಗುತ್ತದೆ’ ಎಂಬ ಮಾತು ಬಂದೇ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಅಪರಾಧದ ತನಿಖೆ ಕ್ಲಬ್ಬಿನ ಕೆಲಸವಲ್ಲ, ಕಾನೂನೂ ಅದಕ್ಕೆ ಬಿಡುವುದಿಲ್ಲ. ಭಾರತದ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆ ರಕ್ಷಣೆ ಕೊಡುತ್ತದೆ. ಅಮೆರಿಕದಲ್ಲಿ 2018ರಲ್ಲಿ ಜಾರಿಗೆ ಬಂದ ಕಾನೂನು ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಡಿ ಮಕ್ಕಳೊಂದಿಗೆ ಕೆಲಸ ಮಾಡುವ ವಯಸ್ಕರಿಗೆ 24 ಗಂಟೆಗಳೊಳಗೆ ತಿಳಿಸುವ ಹೊಣೆ ಹೊರಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಿಂದ, ತಾವು ತರಬೇತಿ ಕೊಡುವ 16, 17 ವರ್ಷದವರೊಂದಿಗೆ ಕೋಚ್‌ಗಳು ಲೈಂಗಿಕ ಸಂಬಂಧ ಇಟ್ಟುಕೊಳ್ಳುವುದೂ ಅಪರಾಧ. ನೀವಿರುವ ಕಡೆಯ ಕಾನೂನಿನ ಮುಖ್ಯ ಸಾಲುಗಳನ್ನು, ಪೊಲೀಸ್ ಮತ್ತು ಮಕ್ಕಳ ಸಹಾಯವಾಣಿಯ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಸೂಚನಾ ಫಲಕಕ್ಕೆ ಅಂಟಿಸಿ. ಭಾರತದಲ್ಲಾದರೆ ಸಹಾಯವಾಣಿ 1098.

ಆರೋಪ ಬಂದ ಕೋಚ್ ವಿಚಾರಣೆ ಮುಗಿಯುವ ತನಕ ಮಕ್ಕಳಿಂದ ದೂರವಿರಲಿ. ಇದು ಶಿಕ್ಷೆಯಲ್ಲ ಎಂದು ಅವರಿಗೂ, ಸಮಿತಿಗೂ ಬರವಣಿಗೆಯಲ್ಲೇ ತಿಳಿಸಿ. ಪೊಲೀಸರಿಗೆ ತಿಳಿಸಿದ್ದರೆ, ಏನನ್ನು ಯಾವಾಗ ಹೇಳಬಹುದೆಂದು ಮೊದಲು ಅವರನ್ನೇ ಕೇಳಿ. ಕೋಚ್‌ಗೆ ಮಾತಾಡಲು ಒಬ್ಬರನ್ನು ಗೊತ್ತು ಮಾಡಿಕೊಡಿ. ಆ ದಿನಗಳು ಅವರಿಗೂ ಭಾರವಾಗಿರುತ್ತವೆ. ಮಗುವನ್ನು ಮಾತ್ರ ತಂಡದಿಂದ ಸರಿಸಬೇಡಿ. ಹೇಳಿದ್ದಕ್ಕೆ ಆಟ ಕಳೆದುಕೊಂಡ ಒಂದು ಮಗುವನ್ನು ನೋಡಿ ಉಳಿದ ಮಕ್ಕಳೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರೆ.

ಸಣ್ಣ ಸಂಗತಿಗಳ ಪುಸ್ತಕ

ನಮ್ಮ ಕ್ಲಬ್ಬಿನಲ್ಲಿ ನಾನು ಅತಿ ಹೆಚ್ಚು ನೆಚ್ಚಿಕೊಂಡಿರುವುದು ಬೀಗ ಹಾಕಿದ ಒಂದು ಪುಸ್ತಕವನ್ನು. ನಿಯಮ ಮುರಿದಿದೆ ಎನ್ನಲಾಗದ, ಆದರೂ ಮನಸ್ಸಿಗೆ ಸರಿ ಬಾರದ ಸಂಗತಿಗಳು ಅದರಲ್ಲಿ ಸೇರುತ್ತವೆ. ಒಂದೇ ಹುಡುಗಿಗೆ ಪದೇ ಪದೇ ಉಡುಗೊರೆ. ಅಭ್ಯಾಸದ ನಂತರ ಒಬ್ಬ ಹುಡುಗನನ್ನು ಮಾತ್ರ ನಿಲ್ಲಿಸಿಕೊಂಡದ್ದು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಅರ್ಥವೇ ಇರುವುದಿಲ್ಲ. ನಾಲ್ಕು ಜನ, ನಾಲ್ಕು ಬೇರೆ ತಿಂಗಳಲ್ಲಿ, ಒಬ್ಬರ ಬಗ್ಗೆಯೇ ಬರೆದಿದ್ದಾರೆ ಎಂಬುದು ಒಟ್ಟಿಗೆ ಓದಿದಾಗ ಕಾಣುತ್ತದೆ. ಕೋಚ್‌ಗಳು ತಮ್ಮ ಬಗ್ಗೆ ತಾವೇ ಬರೆಸಲು ಪ್ರೋತ್ಸಾಹಿಸಿ: ‘ಇಂದು ಮಳೆಯಲ್ಲಿ ಬೇರೆ ದಾರಿಯಿಲ್ಲದೆ ಒಂದು ಮಗುವನ್ನು ಒಬ್ಬನೇ ಕಾರಿನಲ್ಲಿ ಬಿಟ್ಟೆ.’ ಹಾಗೆ ಬರೆಸುವವರಿಗೆ ಗೌರವ ಕೊಡಿ. ಪುಸ್ತಕ ಅಧಿಕಾರಿಗಳಿಬ್ಬರ ಕೈಯಲ್ಲಿ ಮಾತ್ರ ಇರಲಿ, ತಿಂಗಳಿಗೊಮ್ಮೆ ಇಬ್ಬರೂ ಕುಳಿತು ಓದಿ.

ಕೆಲವೇ ಮಂದಿ ಮಾಡುವ ಇನ್ನೊಂದು ಕೆಲಸವಿದೆ. ಕ್ಲಬ್ಬು ಬಿಟ್ಟು ಹೋದ ಮಕ್ಕಳ ಮನೆಗೆ ಫೋನ್ ಮಾಡಿ. ಓದು ಹೆಚ್ಚಾಯಿತು, ಆಸಕ್ತಿ ಹೋಯಿತು ಎಂಬ ಉತ್ತರಗಳೇ ಹೆಚ್ಚು ಸಿಗುತ್ತವೆ, ಬಹುಪಾಲು ನಿಜವೂ ಆಗಿರುತ್ತವೆ. ಆದರೂ ಮಗುವಿನ ಕೈಗೆ ಫೋನ್ ಕೊಡಿಸಿ ಕೇಳಿ: ಇಲ್ಲಿ ನಿನಗೆ ಇಷ್ಟವಾಗದ್ದು ಏನಾದರೂ ಇತ್ತೇ? ಉತ್ತರ ಏನೇ ಇರಲಿ, ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡಿ.